ಉಗುರಿನಷ್ಟು ಬೂದು ಬಣ್ಣ

ಆಸ್ಪತ್ರೆಯ ನೆಲಮಾಳಿಗೆ, ಕಿಟಕಿಯಿಲ್ಲದ ಚಿತ್ರಕೋಣೆ
ಒಂಬತ್ತನೇ ತಾರೀಖು, ಮಂಗಳವಾರ, ಊಟದ ಬಿಡುವು

ಸಕಲ ಮೇಘಮಂಡಲದ ಮೇಲ್ವಿಚಾರಕಿಯೂ, ಎಂಟು ದಿಕ್ಕಿನ ಗಾಳಿಗೆ ದಿನಾ ಹಾಜರಿ ಹಾಕುವವಳೂ, ನಾಲ್ವರು ಗಂಡಸರು ಮತ್ತು ಒಂದು ಕುಂಟು ನಾಯಿ ಇರುವ ದ್ವೀಪದ ಹವಾಮಾನ ಕೇಂದ್ರದಲ್ಲಿ ಯಂತ್ರಗಳ ಕಿವಿ ಹಿಂಡುವ ಏಕೈಕ ಅಧಿಕಾರಿಯೂ, ಬಾಲ್ಯದಲ್ಲಿ ನನ್ನ ಪಾಲಿನ ಬಿಸ್ಕತ್ತನ್ನು ನ್ಯಾಯವಾಗಿ ಎರಡು ಭಾಗ ಮಾಡಿ ಎರಡನ್ನೂ ತಾನೇ ತಿಂದ ಧರ್ಮಿಷ್ಠಳೂ ಆದ ನನ್ನ ಅಕ್ಕನ ಸನ್ನಿಧಾನಕ್ಕೆ, ಕೆಳಗೆ ಸಹಿ ಮಾಡಿರುವ ತಮ್ಮನು ಮಂಡಿಯೂರಿ (ಕುರ್ಚಿಯ ಕಾಲು ಮುರಿದಿದೆ, ಬೇರೆ ದಾರಿಯಿಲ್ಲ) ಅರಿಕೆ ಮಾಡಿಕೊಳ್ಳುವುದೇನೆಂದರೆ:

ಹೇಗಿದ್ದೀಯ? ಹೋದ ದೋಣಿಯಲ್ಲಿ ಬಂದ ನಿನ್ನ ಕಾಗದದಲ್ಲಿ ಕೆಮ್ಮಿನ ಪ್ರಸ್ತಾಪ ಎರಡು ಕಡೆ ಇತ್ತು, ಔಷಧಿಯ ಪ್ರಸ್ತಾಪ ಒಂದು ಕಡೆಯೂ ಇರಲಿಲ್ಲ. ಗಾಳಿಯ ವೇಗವನ್ನು ದಶಮಾಂಶದವರೆಗೆ ಅಳೆಯುವವಳು ಸ್ವೆಟರ್ ಹಾಕಿಕೊಳ್ಳುವ ವಿಷಯಕ್ಕೆ ಬಂದಾಗ ಮಾತ್ರ ಅಂದಾಜಿನ ಮೇಲೆ ಸಂಸಾರ ಮಾಡುತ್ತೀಯ. ನಾಯಿಯ ಕಾಲು ಹೇಗಿದೆ? ಅದಕ್ಕೆ ನನ್ನ ಹೆಸರಿಟ್ಟಿದ್ದೀಯಂತೆ. ಕಾಗದದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದರೆ ನನ್ನ ಕಣ್ಣಿಗೆ ಬೀಳುವುದಿಲ್ಲ ಎಂದುಕೊಂಡೆಯಾ? ಈ ಅವಮಾನವನ್ನು ಸದ್ಯಕ್ಕೆ ಕಡತದಲ್ಲಿಟ್ಟಿದ್ದೇನೆ. ನಿಮ್ಮಲ್ಲಿ ವೈರ್‌ಲೆಸ್ಸಿನ ಮೇಲೆ ಮೋಡದ ಸುದ್ದಿ ಬಿಟ್ಟು ಮನೆಯ ಸುದ್ದಿ ಆಡುವ ಹಾಗಿಲ್ಲ ಎಂದು ನೀನೇ ಹೇಳಿದ್ದರಿಂದ ಈ ಕಾಗದ. ಇದು ಗುರುವಾರದ ದೋಣಿಗೆ ಸಿಗಬೇಕು. ಹಾಗಾಗಿ ಅಕ್ಷರ ಕಾಗೆಕಾಲು ಗುಬ್ಬಿಕಾಲು ಆದರೆ ಹೊಟ್ಟೆಗೆ ಹಾಕಿಕೋ.

ನಾನು ಚೆನ್ನಾಗಿದ್ದೇನೆ. ಅಮ್ಮ ಚೆನ್ನಾಗಿದ್ದೇನೆ ಅನ್ನುತ್ತಾಳೆ. ಅಪ್ಪನ ವಿಚಾರಕ್ಕೆ ಬರುವ ಮೊದಲು ಇನ್ನೂ ಒಂದೆರಡು ತಮಾಷೆ ಮಾಡೋಣವೆಂದು ಯೋಚಿಸಿಟ್ಟುಕೊಂಡಿದ್ದೆ, ಈಗ ಹುಡುಕಿದರೆ ಒಂದೂ ಸಿಗುತ್ತಿಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾರೆ. ನಾನು ಕೂತಿರುವ ಜಾಗಕ್ಕೆ ನೇರ ಮೇಲೆ, ನಾಲ್ಕನೇ ಮಹಡಿಯಲ್ಲಿ, ಕಿಟಕಿ ಪಕ್ಕದ ಮಂಚ. ಕಾಯಿಲೆ ಹೃದಯದ್ದು. ಕೂತು ಓದುತ್ತಿದ್ದೀಯ ತಾನೆ? ಮುಂದಕ್ಕೂ ಕೂತೇ ಓದು.

ಆದದ್ದು ಹೀಗೆ. ಮೂವತ್ತು ವರ್ಷ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಗಾಡಿಗಳ ಬರವು ಹೋಗು ಹೇಳಿದ ಮನುಷ್ಯ ಮನೆಗೆ ಬಂದರೂ ಮೈಕಿನಿಂದ ಇಳಿಯುತ್ತಿರಲಿಲ್ಲವಲ್ಲ. ನಮ್ಮ ಮನೆಯಲ್ಲಿ ಊಟ ಒಂದನೇ ಪ್ಲಾಟ್‌ಫಾರಂಗೆ ಬರುತ್ತಿತ್ತು, ಸ್ನಾನದ ನೀರು ಇಪ್ಪತ್ತು ನಿಮಿಷ ತಡವಾಗಿ ಚಲಿಸುತ್ತಿತ್ತು, ನನ್ನ ಗಣಿತದ ಅಂಕಗಳು ತಾಂತ್ರಿಕ ಕಾರಣಗಳಿಂದಾಗಿ ರದ್ದಾಗುತ್ತಿದ್ದವು. ನೀನು ಹೋದ ಮೇಲೆ ಎಲ್ಲ ನಿಂತಿತು. ಈ ಎರಡು ವರ್ಷದಲ್ಲಿ ಊಟ ಸುಮ್ಮನೆ ಬಂದಿದೆ, ಸುಮ್ಮನೆ ಹೋಗಿದೆ. ಹೋದ ತಿಂಗಳು ಒಂದು ದಿನ ಸಂಜೆ ಇಬ್ಬರೂ ಮೆಟ್ಟಿಲು ಹತ್ತುತ್ತಿದ್ದೆವು. ಎರಡನೇ ಮಹಡಿಯ ತಿರುವಿನಲ್ಲಿ ಅವರು ಕಂಬಿ ಹಿಡಿದು ನಿಂತು, ಹಳೆಯ ಧಾಟಿಯಲ್ಲೇ, "ದಯವಿಟ್ಟು ಗಮನಿಸಿ. ಮನೆಗೆ ಹೋಗಬೇಕಾದ ಅಪ್ಪ ಅನಿರ್ದಿಷ್ಟ ಅವಧಿಯವರೆಗೆ ತಡವಾಗಿ ಬರಲಿದ್ದಾರೆ" ಅಂದರು. ನನಗೆ ಎಷ್ಟು ಖುಷಿಯಾಯಿತು ಗೊತ್ತಾ. ಅಪ್ಪನಿಗೆ ಘೋಷಣೆ ಮರಳಿ ಬಂತು, ಮನೆಗೆ ಹೋಗಿ ಅಮ್ಮನಿಗೆ ಹೇಳಬೇಕು ಎಂದು ನಗುತ್ತಾ ಎರಡೆರಡು ಮೆಟ್ಟಿಲು ಹಾರಿ ಹೋದೆ. ತಿರುಗಿ ನೋಡಿದರೆ ಅವರು ಕೂತುಬಿಟ್ಟಿದ್ದರು, ಹಣೆ ಬೆವರಿತ್ತು, ಎಡಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು.

ನನ್ನ ಕೆಲಸ ಏನೆಂದು ನೀನು ಪ್ರತಿ ಕಾಗದದಲ್ಲೂ ಕೇಳಿದೆ, ನಾನು ಪ್ರತಿ ಸಲವೂ "ಹೃದಯ ಗೆಲ್ಲುವ ಕೆಲಸ" ಎಂದು ಬರೆದು ತಪ್ಪಿಸಿಕೊಂಡೆ. ಈಗ ಸರಿಯಾಗಿ ಹೇಳಲೇಬೇಕು, ಇಲ್ಲವಾದರೆ ಮುಂದಿನದು ನಿನಗೆ ಅರ್ಥವಾಗುವುದಿಲ್ಲ. ಹೃದಯದ ಮೈಮೇಲೆ ಬಳ್ಳಿಯ ಹಾಗೆ ಹಬ್ಬಿಕೊಂಡು ಅದಕ್ಕೇ ರಕ್ತ ಉಣಿಸುವ ನಾಳಗಳಿವೆ. ಅವು ಕಟ್ಟಿಕೊಂಡರೆ ಕಥೆ ಮುಗಿಯಿತು. ಅವನ್ನು ನೋಡಲು ಎರಡು ದಾರಿ. ದೊಡ್ಡ ಬಳೆಯಂಥ ಸ್ಕ್ಯಾನ್ ಯಂತ್ರ ಹೊರಗಿನಿಂದ ನೋಡುತ್ತದೆ. ನಾಳ ಎಲ್ಲಿ ಹುಟ್ಟಿತು, ಎಲ್ಲಿ ಬಾಗಿತು, ಎಲ್ಲಿ ಕವಲೊಡೆಯಿತು ಎಲ್ಲ ಹೇಳುತ್ತದೆ, ಆದರೆ ಸುಣ್ಣಗಟ್ಟಿದ ಜಾಗ ಕಂಡರೆ ಅದಕ್ಕೆ ಕಣ್ಣು ಕುಕ್ಕಿ ಸಾಸಿವೆಯನ್ನು ಕಡಲೆ ಮಾಡಿ ತೋರಿಸುತ್ತದೆ. ಇನ್ನೊಂದು, ಮಣಿಕಟ್ಟಿನಿಂದ ನಾಳದೊಳಕ್ಕೆ ತೂರಿಸುವ ಸಣ್ಣ ತಂತಿ. ಅದರ ತುದಿಯಲ್ಲಿ ಸದ್ದು ಮಾಡಿ ಪ್ರತಿಧ್ವನಿ ಆಲಿಸುವ ಪುಟ್ಟ ಉಪಕರಣ, ಸದ್ದು ಹಿಡಿಯುವ ಕೆಲಸ ಮಾಡಿದ ನಿನ್ನ ಜಾತಿಯದೇ. ಗೋಡೆ ಎಷ್ಟು ದಪ್ಪ, ಗೋಡೆಯೊಳಗೆ ಕೊಬ್ಬು ಎಲ್ಲಿ ಕೂತಿದೆ ಎಂದು ಅದು ಕರಾರುವಾಕ್ಕಾಗಿ ಹೇಳುತ್ತದೆ. ಆದರೆ ಸುರಂಗದಲ್ಲಿ ನಿದ್ದೆ ಹೋದ ಪ್ರಯಾಣಿಕನಂತೆ, ಗಾಡಿ ಯಾವ ಕಡೆ ತಿರುಗಿತು ಎಂಬುದು ಅದಕ್ಕೆ ತಿಳಿಯದು. ಒಂದಕ್ಕೆ ದಾರಿ ಗೊತ್ತು, ಗೋಡೆ ಗೊತ್ತಿಲ್ಲ. ಇನ್ನೊಂದಕ್ಕೆ ಗೋಡೆ ಗೊತ್ತು, ದಾರಿ ಗೊತ್ತಿಲ್ಲ. ಮಾತು ಬಿಟ್ಟ ಈ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುವುದೇ ನಮ್ಮ ಕೋಣೆಯ ಉದ್ಯೋಗ. ಹೊರಗಿನ ಚಿತ್ರದಲ್ಲಿ ಕಾಣುವ ಕವಲು ಒಳಗಿನ ಚಿತ್ರದ ಕವಲಿಗೆ ಕಾಜಾಕ್ಕೆ ಗುಂಡಿ ಕೂತ ಹಾಗೆ ಕೂರಬೇಕು. ಮೊದಲ ಗುಂಡಿ ತಪ್ಪಿದರೆ ಕೊರಳವರೆಗೂ ತಪ್ಪು. ಎಲ್ಲ ಕೂತ ಮೇಲೆ ಆ ಒಬ್ಬ ಮನುಷ್ಯನ, ಅವನದೊಬ್ಬನದೇ ಆದ ನಾಳಗಳ ಮಾದರಿ ಪರದೆಯ ಮೇಲೆ ಎದ್ದು ನಿಲ್ಲುತ್ತದೆ. ಅದರೊಳಗೆ ಕಂಪ್ಯೂಟರು ಲೆಕ್ಕದ ರಕ್ತ ಹರಿಸಿ, ಎಲ್ಲಿ ಹರಿವು ಸೊರಗುತ್ತದೆ ಎಂದು ತೋರಿಸುತ್ತದೆ.

ನಮ್ಮ ಕೋಣೆಯ ಮುಖ್ಯಸ್ಥೆಗೆ ನಾವು ಇಟ್ಟ ಹೆಸರು ಗೆರೆಯಮ್ಮ. ನಾಳದ ಅಂಚಿಗೆ ಗೆರೆ ಎಳೆದೆಳೆದು ಅವರ ಬೆನ್ನು ನಾಳದ ಹಾಗೆಯೇ ಬಾಗಿದೆ (ಇದನ್ನು ಅವರೇ ಹೇಳಿದ್ದು, ನನ್ನ ಮೇಲೆ ಹಾಕಬೇಡ). ಅವರದೊಂದು ಕಟ್ಟಪ್ಪಣೆ ಉಂಟು. ಎರಡೂ ಚಿತ್ರಗಳಲ್ಲಿ ಕಾಣದ ಜಾಗ ಬಂದರೆ ಆಚೀಚೆ ನೋಡಿಕೊಂಡು ಊಹಿಸಿ ತುಂಬಬಹುದು, ಆದರೆ ಅದಕ್ಕೆ ಬೂದು ಬಣ್ಣ ಹಚ್ಚಬೇಕು. ಕಂಡದ್ದು ಕೆಂಪು, ಊಹಿಸಿದ್ದು ಬೂದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಂದು ನಾಳವನ್ನು ಚಂದವಾಗಿ ಕೂಡಿಸಿ ಎಲ್ಲವನ್ನೂ ಕೆಂಪು ಮಾಡಿ ತೋರಿಸಿದಾಗ, ಕನ್ನಡಕದ ಮೇಲಿಂದ ನೋಡಿ, "ನುಣ್ಣಗಿದೆ ಅಂದ ಮಾತ್ರಕ್ಕೆ ನಿಜ ಆಗಿಬಿಡುತ್ತೇನಪ್ಪ ಮರಿ?" ಅಂದಿದ್ದರು. ಅಂದಿನಿಂದ ಈ ಕೋಣೆಯಲ್ಲಿ ನನ್ನ ಹೆಸರೇ ಮರಿ.

ಇನ್ನು ಅಪ್ಪನ ಸ್ಕ್ಯಾನು. ಬೆನ್ನ ಹಿಂದೆ ದಾರ ಕಟ್ಟುವ ಆಸ್ಪತ್ರೆಯ ನಿಲುವಂಗಿ ತೊಡಿಸಿ ಬಳೆಯೊಳಗೆ ಮಲಗಿಸಿದರು. ಎಂಟು ಸೆಕೆಂಡು ಉಸಿರು ಬಿಗಿಹಿಡಿದು ಅಲುಗಾಡದೆ ಇರಬೇಕು, ಅಷ್ಟೇ ರೋಗಿಯ ಪಾಲಿನ ಕೆಲಸ. ಮೂವತ್ತು ವರ್ಷ ಒಂದೇ ಉಸಿರಿಗೆ ಹದಿನಾಲ್ಕು ನಿಲ್ದಾಣಗಳ ಹೆಸರು ಹೇಳಿದವರಿಗೆ ಅದೇನು ಮಹಾ. ಆದರೆ ಉಸಿರು ಹಿಡಿಯಲು ಹೇಳುವುದು ಯಂತ್ರದೊಳಗಿರುವ ರೆಕಾರ್ಡು, ಯಾವಳೋ ಹೆಂಗಸಿನ ದನಿ. ಅವಳು "ಉಸಿರು ಹಿಡಿಯಿರಿ" ಎಂದಳು. ಕೊನೆಯಲ್ಲಿ ದನಿ ಏರಿಸಿದಳು. ಅಪ್ಪನಿಗೆ ತಡೆಯಲಾಗಲಿಲ್ಲ. ಯಂತ್ರ ತಿರುಗುತ್ತಿದ್ದಾಗಲೇ, ಎದೆಯಾಳದಿಂದ, ಹೇಗೆ ಹೇಳಬೇಕೋ ಹಾಗೆ, "ಉಸಿರು ಹಿಡಿಯಿರಿ" ಎಂದು ತಿದ್ದಿದರು. ಗಾಜಿನಾಚೆ ಕೂತಿದ್ದ ಸ್ಕ್ಯಾನಿನವನು ಆಮೇಲೆ ನನ್ನ ಹೆಗಲು ತಟ್ಟಿ, "ಉಸಿರು ಹಿಡಿಯೋದನ್ನ ಘೋಷಣೆ ಮಾಡಿದ ರೋಗಿ ನಿಮ್ಮಪ್ಪ ಒಬ್ಬರೇ ಕಣಯ್ಯ" ಅಂದ. ಎಲ್ಲರೂ ನಕ್ಕೆವು. ನಾನು ತುಸು ಹೆಚ್ಚೇ ನಕ್ಕೆ. ಅಪ್ಪ ಮಾತ್ರ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, "ಅಪ್ಪಣೆ ಕೊಡ್ತಾಳೋ ಪ್ರಶ್ನೆ ಕೇಳ್ತಾಳೋ ಗೊತ್ತಾಗಬೇಡ್ವಾ" ಎಂದು ಗೊಣಗುತ್ತಿದ್ದರು. ಚಿತ್ರ ಬಂದ ಮೇಲೆ ನಗು ಇಳಿಯಿತು. ಅವರು ಬಾಯಿ ತೆರೆದ ಗಳಿಗೆಯಲ್ಲಿ ಎದೆ ಕದಲಿ, ಮುಖ್ಯ ನಾಳ ಅಲ್ಲಿ ಮೆಟ್ಟಿಲು ತಪ್ಪಿದ ಹಾಗೆ ಕತ್ತರಿಸಿಕೊಂಡು ಪಕ್ಕಕ್ಕೆ ಸರಿದಿತ್ತು. ಅದು ಸರಿಯಾಗಿ ನಾಳ ಎರಡಾಗಿ ಕವಲೊಡೆಯುವ ಮೊದಲಿನ ಜಾಗ.

ಹೋಗಲಿ, ತಂತಿ ನೋಡಿಕೊಳ್ಳುತ್ತದೆ ಎಂದರು. ಮರುದಿನ ತಂತಿ ಹೋಯಿತು, ನಿಧಾನವಾಗಿ ಹಿಂದಕ್ಕೆ ಬರುತ್ತಾ ಒಂದೊಂದೇ ಪ್ರತಿಧ್ವನಿ ಹಿಡಿಯಿತು, ಅದೇ ಜಾಗಕ್ಕೆ ಬರುವಾಗ ಅಪ್ಪನ ರಕ್ತದೊತ್ತಡ ಕುಸಿಯಿತು. ಒಂದೇ ಸಲಕ್ಕೆ ಎಳೆದು ತೆಗೆದರು. ಜೀವ ಉಳಿಯಿತು, ಚಿತ್ರ ಉಳಿಯಲಿಲ್ಲ. ನಾನು ಮಗನಾದ್ದರಿಂದ ಆ ಕಡತ ಮುಟ್ಟುವಂತಿಲ್ಲ. ಮಾದರಿಯನ್ನು ಗೆರೆಯಮ್ಮ ತಾವೇ ಕಟ್ಟಿದರು. ನಾನು ಅವರಿಗೆ ಚಹಾ ತಂದುಕೊಡುವ ನೆಪದಲ್ಲಿ ಕುರ್ಚಿಯ ಹಿಂದೆ ನಿಂತಿದ್ದೆ. ಮೊದಲ ಸಲ ಅಪ್ಪನ ಒಳಗನ್ನು ನೋಡಿದೆ ಅಕ್ಕ. ಪರಿಚಯದ ಗುರುತು ಒಂದೂ ಇರಲಿಲ್ಲ. ದಿನಾ ಯಾರು ಯಾರದೋ ನಾಳ ನೋಡುತ್ತೇನೆ, ಇದೂ ಯಾರದೋ ಆಗಿತ್ತು. ಕೆಂಪು ಬಳ್ಳಿ, ಅದರ ನಡುವೆ ಕಿರುಬೆರಳ ಉಗುರಿನಷ್ಟು ಉದ್ದದ ಬೂದು. ಗೆರೆಯಮ್ಮ ಚಹಾ ಆರಿಹೋಗುವವರೆಗೂ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇಲ್ಲಿ ನನಗೆ ಗೊತ್ತಿಲ್ಲ ಮರಿ" ಅಂದರು. ಆ ಹೆಂಗಸು ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ಉಗುರಿನಷ್ಟು ಜಾಗದಲ್ಲಿ ಅಪ್ಪನ ಹಣೆಬರಹ ಇದೆ. ಇಕ್ಕಟ್ಟು ಕವಲಿಗಿಂತ ಮೊದಲೇ ಮುಗಿದಿದ್ದರೆ ಮಣಿಕಟ್ಟಿನಿಂದಲೇ ಒಂದು ಸಣ್ಣ ಸ್ಪ್ರಿಂಗ್ ಕೂರಿಸಿ ಮನೆಗೆ ಕಳಿಸುತ್ತಾರೆ. ಕವಲು ದಾಟಿ ಎರಡೂ ಕಡೆ ಹರಡಿದ್ದರೆ ಎದೆ ತೆರೆಯಬೇಕು. ಹೃದಯದ ಡಾಕ್ಟರು ಒಳ್ಳೆಯವರು, ಸುತ್ತಿ ಬಳಸಿ ಮಾತಾಡುವುದಿಲ್ಲ. "ಎದೆ ತೆರೆದರೆ ತಾಳ್ಕೋತಾರೆ ಅಂತ ನಾನು ಮಾತು ಕೊಡಲ್ಲ. ಅವರ ಮೂತ್ರಪಿಂಡ ನೋಡಿದ್ರೆ ನಂಗೆ ಧೈರ್ಯ ಬರಲ್ಲ" ಎಂದರು. ಕುರುಡಾಗಿ ಮತ್ತೆ ತಂತಿ ತೂರಿಸುವ ಹಾಗಿಲ್ಲ. ಉಳಿದದ್ದು ಇನ್ನೊಂದು ಸ್ಕ್ಯಾನು. ಅದಕ್ಕೆ ಹಾಕುವ ಔಷಧವನ್ನು ಆ ಮೂತ್ರಪಿಂಡಗಳು ಇನ್ನೊಂದು ಸಲ ತಾಳಿಯಾವು, ಮೂರನೆಯ ಸಲ ಖಂಡಿತ ಇಲ್ಲ. ತಿಂಗಳ ಕೊನೆಯ ವಾರಕ್ಕೆ ಗೊತ್ತುಮಾಡಿದ್ದಾರೆ. ಎಂಟು ಸೆಕೆಂಡು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಅಪ್ಪ "ಆಗಲ್ಲ" ಅಂದರು. ಯಾಕೆ ಅಂದರೆ, "ಆ ಡಬ್ಬಿಯ ಅಪ್ಪಣೆಗೆ ನಾನು ಉಸಿರು ಹಿಡಿಯಲ್ಲ." ಆಮೇಲೆ ಅಮ್ಮ ಅತ್ತಳು, ಡಾಕ್ಟರು ಬೈದರು, ನಾನು ಕಾಲು ಹಿಡಿದೆ (ಕಚಗುಳಿ ಇಡುತ್ತೇನೆಂದು ಭಯಪಟ್ಟು ಕಾಲು ಎಳೆದುಕೊಂಡರು). ಎಲ್ಲದಕ್ಕೂ ಒಂದೇ ಉತ್ತರ: "ಆಮೇಲೆ ನೋಡೋಣ."

ಮುಂದಿನದನ್ನು ಬರೆಯುವ ಅಧಿಕಾರ ನನಗಿಲ್ಲ, ನನ್ನ ಹೆಸರಿನ ನಾಯಿಗೂ ಇಲ್ಲ. ಆದರೂ ಬರೆಯುತ್ತೇನೆ. ನಿಲ್ದಾಣದ ಧ್ವನಿ ವಿಭಾಗದಲ್ಲಿ ನೀನು ಕೆಲಸಕ್ಕಿದ್ದಾಗ ಅಪ್ಪನನ್ನು ಆ ಹತ್ತಿ ಹೊದಿಸಿದ ಕೋಣೆಯಲ್ಲಿ ಕೂರಿಸಿ ಅಂಕಿಗಳನ್ನೆಲ್ಲ ಹೇಳಿಸಿದೆ, ನಿಲ್ದಾಣಗಳ ಹೆಸರು ಹೇಳಿಸಿದೆ, "ತಡವಾಗಿ" ಹೇಳಿಸಿದೆ, "ವಿಷಾದಿಸುತ್ತೇವೆ" ಹೇಳಿಸಿದೆ. ಈ ರೆಕಾರ್ಡು ಅಪ್ಪನ ರಜೆಯ ದಿನಗಳಿಗೆ ಮಾತ್ರ ಎಂದು ಮೇಲಿನವರು ನಿನಗೆ ಹೇಳಿದ್ದರು, ನೀನು ನಂಬಿದೆ. ನೀನು ಅಪ್ಪನಿಗೆ ಹೇಳಿದೆ, ಅವರೂ ನಂಬಿದರು. ಒಂದು ಸೋಮವಾರ ಹೋದರೆ ಅವರ ಕುರ್ಚಿಯೇ ಇರಲಿಲ್ಲ. ಅವರಿಗೆ ನೋವಾದದ್ದು ಕೆಲಸ ಹೋದದ್ದಕ್ಕಿಂತ ಆ ಜೋಡಣೆಗೆ. "ಇಪ್ಪತ್ತು" ಒಂದು ದಿನ ಹೇಳಿದ್ದು, "ನಿಮಿಷ" ಇನ್ನೊಂದು ದಿನ ಹೇಳಿದ್ದು, "ತಡವಾಗಿ" ನೆಗಡಿಯಾಗಿದ್ದ ದಿನ. ಯಂತ್ರ ಅವನ್ನೆಲ್ಲ ಹೊಲಿದು ತಾವು ಎಂದೂ ಆಡದ ಮಾತನ್ನು ತಮ್ಮ ದನಿಯಲ್ಲೇ ಆಡುತ್ತಿತ್ತು. "ನನ್ನ ಮಗಳೇ ನನ್ನ ತುಂಡು ತುಂಡು ಮಾಡಿ ಡಬ್ಬಿಗೆ ಹಾಕಿದ್ಲು" ಎಂದರು. ನೀನು ಬಾಗಿಲಲ್ಲೇ ನಿಂತಿದ್ದೆ, ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಆಮೇಲೆ ನಕ್ಷೆಯಲ್ಲಿ ಎಲ್ಲಕ್ಕಿಂತ ದೂರದ ಚುಕ್ಕಿ ಹುಡುಕಿ ಅರ್ಜಿ ಹಾಕಿದೆ.

ಈಗ ನಿನಗೆ ಗೊತ್ತಿಲ್ಲದ ಒಂದು ಸಂಗತಿ. ಅಮ್ಮ ದಿನಾ ಮಧ್ಯಾಹ್ನ ಬ್ರೆಡ್ಡು ತರುತ್ತೇನೆಂದು ಹೋಗುತ್ತಾಳೆ. ಬ್ರೆಡ್ಡಿನಂಗಡಿ ನಮ್ಮ ಮನೆಯ ಕೆಳಗೇ ಇದೆ, ಅವಳು ಬರುವುದು ಮಾತ್ರ ಒಂದು ಗಂಟೆ ಬಿಟ್ಟು. ಪತ್ತೇದಾರನಾದ ನಾನು ಮೊನ್ನೆ ಹಿಂದೆಯೇ ಹೋದೆ, ಹಿಡಿದುಕೊಂಡು ತಮಾಷೆ ಮಾಡಲು ಒಂದು ಗುಟ್ಟು ಸಿಕ್ಕೀತು ಅನ್ನುವ ಆಸೆಯಿಂದ. ಅವಳು ನಿಲ್ದಾಣಕ್ಕೆ ಹೋಗಿ ಎರಡನೇ ಪ್ಲಾಟ್‌ಫಾರಂನ ಬೆಂಚಿನ ಮೇಲೆ, ಧ್ವನಿವರ್ಧಕದ ಕೆಳಗೆ, ಚೀಲ ಮಡಿಲಲ್ಲಿಟ್ಟುಕೊಂಡು ಕೂತಳು. ಗಾಡಿಗಳು ಬಂದವು, ಹೋದವು. ಮೇಲಿನಿಂದ ಅಪ್ಪ ತುಂಬು ಕಂಠದಲ್ಲಿ ಎಲ್ಲ ಊರುಗಳ ಹೆಸರನ್ನೂ ಎಲ್ಲೂ ಉಸಿರು ಎಳೆಯದೆ ಹೇಳುತ್ತಿದ್ದರು. ನಾಲ್ಕನೇ ಮಹಡಿಯ ಮಂಚದ ಮೇಲೆ ಅವರು ಈಗ ನಾಲ್ಕು ಪದಕ್ಕೊಮ್ಮೆ ನಿಲ್ಲುತ್ತಾರೆ ಅಕ್ಕ. ನೀರು ಕೇಳುವುದಕ್ಕೂ ನಡುವೆ ಒಂದು ನಿಲುಗಡೆ ಬೇಕು. ಅಮ್ಮನನ್ನು ಕಂಬದ ಮರೆಯಿಂದ ನೋಡಿ, ಅವಳಿಗೆ ಗೊತ್ತಾಗದಂತೆ ವಾಪಸು ಬಂದೆ. ಆ ದನಿ ಉಳಿದಿರುವುದು ನಿನ್ನಿಂದ ಎಂದು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ. ನಾನು ಹೇಳುತ್ತಿದ್ದೇನೆ, ಯಾರ ಪರವಾಗಿಯೂ ಅಲ್ಲ.

ಹಾಗಾಗಿ ಈ ಕಾಗದದ ಸಾರಾಂಶ. ಸ್ಕ್ಯಾನಿನವನನ್ನು ವಿಚಾರಿಸಿದೆ. ರೆಕಾರ್ಡೇ ಆಗಬೇಕೆಂದಿಲ್ಲವಂತೆ, ಗಾಜಿನ ಈಚೆ ಒಂದು ಮೈಕಿದೆ, ಮನುಷ್ಯರೂ ಹೇಳಬಹುದಂತೆ. ನಾನು ಹೇಳುತ್ತೇನಪ್ಪ ಎಂದೆ. "ನೀನು ಹೇಳಿದ್ರೆ ನಗು ಬಂದು ಎದೆ ಅಲ್ಲಾಡುತ್ತೆ, ಬೇಡಪ್ಪ" ಅಂದರು. ಹುಟ್ಟಿದಾಗಿನಿಂದ ಅವರ ದನಿ ಅಣಕಿಸಿಕೊಂಡು ಬಂದವನಿಗೆ ಸಿಗಬೇಕಾದ ಪ್ರಶಸ್ತಿಯೇ ಸಿಕ್ಕಿತು. ಅಮ್ಮ ಮೈಕಿನ ಮುಂದೆ ಅತ್ತುಬಿಡುತ್ತಾಳೆ. ನಿನ್ನೆ ಸಂಜೆ ಕಿಟಕಿಯ ಪರದೆ ಎಳೆದು ದಿಂಬು ಸರಿಮಾಡುತ್ತಿದ್ದೆ. ಅಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡು ಅಂದರು: "ದೊಡ್ಡವಳು ಬಂದು ಹೇಳಲಿ, ಉಸಿರು ಹಿಡೀತೀನಿ." ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಮಾಡದೆ ಬರೆದಿದ್ದೇನೆ. ಕಾಗದ ತರುವ ದೋಣಿ ಒಂದು ರಾತ್ರಿ ಅಲ್ಲಿ ನಿಂತು ಮರಳುತ್ತದೆಯಲ್ಲ, ಅದರಲ್ಲೇ ಹೊರಟು ಬಾ. ಮೋಡಗಳು ಒಂದೆರಡು ವಾರ ತಮ್ಮ ಹಾಜರಿ ತಾವೇ ಹಾಕಿಕೊಳ್ಳಲಿ. ನೀನು ಗಾಜಿನ ಈಚೆ ಕೂತು, ದನಿ ಏರಿಸದೆ, ಎರಡೇ ಎರಡು ಪದ ಹೇಳಬೇಕು. ಮಿಕ್ಕ ಮಾತುಗಳನ್ನು ನೀವಿಬ್ಬರೂ ಆಮೇಲೆ ನೋಡಿಕೊಳ್ಳಿ, ಅಥವಾ ಆಡಲೇಬೇಡಿ.

ಗೆರೆಯಮ್ಮ ಊಟ ಮುಗಿಸಿ ಬರುವ ಸಪ್ಪಳವಾಗುತ್ತಿದೆ. ಅಮ್ಮ ನಿನ್ನನ್ನು ಕೇಳಿದಳೆಂದು ತಿಳಿ. ದ್ವೀಪದ ನಾಲ್ವರಿಗೂ ನನ್ನ ವಂದನೆ ತಿಳಿಸು, ನಾಯಿಗೆ ಬೇಕಾದರೆ ಹೆಸರು ಹಿಡಿದೇ ತಿಳಿಸು. ನಿನ್ನ ಕೆಮ್ಮು ವಾಸಿಯಾಗಲಿ, ಮೈಕಿನ ಮುಂದೆ ಕೆಮ್ಮುವ ಹಾಗಿಲ್ಲ.

ಮೇಲ್ಕಂಡ ಸನ್ನಿಧಾನದ ಧೂಳು,
ನಿನ್ನ ತಮ್ಮ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದ್ದೇನೆ. ಈ ಕೋಣೆಯಲ್ಲಿ ಕೂತು ಬರೆದದ್ದಕ್ಕೆ ಈ ಕೋಣೆಯ ಕಟ್ಟಪ್ಪಣೆ ಸಲ್ಲಬೇಕು. ಅಪ್ಪನ ಆ ವಾಕ್ಯದಲ್ಲಿರುವ ಪದಗಳೆಲ್ಲ ಅಪ್ಪನವೇ. "ದೊಡ್ಡವಳು" ಅಂದದ್ದು ಮಕ್ಕಳೆಷ್ಟು ಎಂದು ನರ್ಸು ಕೇಳಿದಾಗ. "ಇಬ್ಬರು" ಎಂದು ಹೊದಿಕೆಯ ಅಂಚು ಸರಿಮಾಡಿಕೊಂಡು, "ದೊಡ್ಡವಳು, ಆಮೇಲೆ ಇವನು" ಅಂದರು. ಎರಡು ವರ್ಷದಲ್ಲಿ ಅವರ ಬಾಯಲ್ಲಿ ನೀನು ಬಂದದ್ದು ಅದೊಂದೇ ಸಲ. "ಬಂದು ಹೇಳಲಿ" ಅಂದದ್ದು ತಡಮಾಡಿದ ಡಾಕ್ಟರ ಮೇಲೆ ಸಿಟ್ಟು ಬಂದು, "ಉಸಿರು ಹಿಡೀತೀನಿ" ಅಂದದ್ದು ಕಹಿ ಔಷಧಿಯ ಲೋಟ ನೋಡಿ. ಹೊಲಿದವನು ನಾನು. ಬೂದು ಬಣ್ಣ ಹಚ್ಚಿಕೊಂಡು ಓದು. ಅವರು ನಿನ್ನನ್ನು ಕರೆದಿಲ್ಲ ಅಕ್ಕ. ಕರೆಯುತ್ತಿರುವುದು ನಾನು.